ಊರ ಸುತ್ತಣ ನೆಲವು ಯಾರದು?

ನೆರೆಯವನ ಕಣದಿಂದ ಒಂದು ಸಿವುಡು ರಾಗಿಯನ್ನು ಹೊತ್ತುಕೊಂಡು ಹೋಗುವವನು ಕಳ್ಳನೆಂಬದನ್ನು ನಮ್ಮ ಹಳ್ಳಿಗಳಲ್ಲಿ ಚಿಕ್ಕ ಮಕ್ಕಳೂ ಬಲ್ಲರು. ಆದರೆ ಅದೇ ಮನುಷ್ಯನು ತನ್ನ ಹೊಲದ ಅಂಚಿಗೆ ತಗಲಿದ ಗೋಮಾಳದೊಳಕ್ಕೆ ವರುಷಕ್ಕೆ ಎರಡು ಸಾಲು ಹೆಚ್ಚಾಗಿ ಉಳುತ್ತಾ, ಹತ್ತು ವರುಷಗಳಲ್ಲಿ ಹತ್ತು ಗುಂಟೆಯನ್ನು ತನ್ನ ಬೇಲಿಯೊಳಗೆ ಸೇರಿಸಿಕೊಂಡರೆ ಅವನನ್ನು ಯಾರೂ ಆ ಹೆಸರಿನಿಂದ ಕರೆಯುವದಿಲ್ಲ. ಕಷ್ಟಜೀವಿಯೆಂದೂ ಜಾಣನೆಂದೂ ಹೊಗಳುವವರು ಸಹ ಉಂಟು. ಅವನನ್ನೇ ಕೇಳಿದರೆ, "ನಾನು ಯಾರ ಸೊತ್ತನ್ನು ತೆಗೆದುಕೊಂಡೆನು? ಅದು ಸರಕಾರದ ನೆಲ. ಸರಕಾರದ್ದೆಂದರೆ ಎಲ್ಲರದು. ಎಲ್ಲರದರಲ್ಲಿ ನನ್ನದೂ ಉಂಟಲ್ಲವೋ?" ಎಂದು ಉತ್ತರ ಕೊಡುವನು. ಈ ಉತ್ತರವು ನ್ಯಾಯವಾದದ್ದೋ ಅಲ್ಲವೋ ಎಂಬದನ್ನು ಈ ತಿಂಗಳು ನಾವು ಸ್ವಲ್ಪ ವಿಚಾರಿಸೋಣ. ಇದು ತಹಶೀಲ್ದಾರರ ಕಚೇರಿಗೆ ಮಾತ್ರ ಸಂಬಂಧಪಟ್ಟ ಸಂಗತಿಯೆಂದು ಎಣಿಸಬಾರದು. ಕಚೇರಿಯವರು ಬಂದು ಅಳೆಯುವದಕ್ಕೆ ಬಹು ಮುಂಚೆಯೇ ಇದು ಮನಸ್ಸಾಕ್ಷಿಗೆ ಸಂಬಂಧಪಟ್ಟದ್ದಾಗಿದೆ.

ಮೊದಲು, ಸಣ್ಣ ಹಳ್ಳಿ ಎಂದರೇನೆಂಬದನ್ನು ತಿಳಿಯತಕ್ಕದ್ದು. ನಮ್ಮ ನಾಡಿನಲ್ಲಿ ಇಂಥ ಹಳ್ಳಿಗಳಿಗೆ ದೊಡ್ಡಿ, ಹಟ್ಟಿ, ಪಾಳ್ಯ, ಕೊಪ್ಪಲು, ಹುಂಡಿ, ತಾಂಡಾ ಎಂಬ ಹಲವು ಹೆಸರುಗಳುಂಟು. ದೊಡ್ಡಿಯೆಂದರೆ ದನ ಕೂಡುವ ಸ್ಥಳ. ದನ ಕಾಯುವವರು ಮೇವು ನೀರು ಇರುವ ಕಡೆಯಲ್ಲಿ ದನಗಳನ್ನು ಕೂಡಿ, ಅಲ್ಲಿ ನಾಲ್ಕು ಗುಡಿಸಲು ಹಾಕಿಕೊಂಡದ್ದರಿಂದಲೇ ಎಷ್ಟೋ ಊರುಗಳು ಹುಟ್ಟಿದವು. ಹೀಗೆ ಸುತ್ತಣ ನೆಲವು ಮೊದಲು, ಊರು ಆಮೇಲೆ. ಇಪ್ಪತ್ತು ಮೂವತ್ತು ಮನೆಗಳ ಒಂದು ದೊಡ್ಡಿಯು ತನ್ನ ಪಟ್ಟಾ ಹೊಲಗಳಿಂದ ಮಾತ್ರ ಬದುಕುವದಿಲ್ಲ. ಕೆರೆ, ಕೆರೆಯ ಅಂಗಳ, ಹಳ್ಳದ ದಡ, ಗೋಮಾಳ, ಗುಂಡುತೋಪು, ಬಂಡಿಯ ದಾರಿ, ಸ್ಮಶಾನ, ಊರಕಣ ಇವೆಲ್ಲವೂ ಕೂಡಿ ಅದನ್ನು ಸಾಕುತ್ತವೆ. ಬೇಸಗೆಯಲ್ಲಿ ಕೆರೆ ಬತ್ತಿದಾಗ ಅದರ ಗೋಡನ್ನು ಹೊಲಕ್ಕೆ ಹೊಡೆಯುತ್ತೇವೆ. ಕುಂಬಾರನಿಗೆ ಮಣ್ಣು ಅಲ್ಲಿಯದೇ. ಹೊಂಗೆಯ ಸೊಪ್ಪು ಗದ್ದೆಗೆ ಗೊಬ್ಬರವಾಗುತ್ತದೆ. ತೋಪಿನ ಹುಣಿಸೆ, ನೇರಳೆ, ಒಣಗಿದ ಪುಳ್ಳೆ, ಇವುಗಳಿಗೆ ಹಣ ಕೊಡುವವರಿಲ್ಲ, ಕೇಳುವವರೂ ಇಲ್ಲ.

ಈ ಸಂಗತಿಯಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಹತ್ತು ಎಕರೆ ಉಳ್ಳವನಿಗೆ ತನ್ನ ಹೊಲದ ಬದುವಿನಲ್ಲಿಯೇ ಹುಲ್ಲು, ತನ್ನ ಬಣವೆಯಲ್ಲಿಯೇ ಮೇವು, ತನ್ನ ಕೊಳವೆಬಾವಿಯಲ್ಲಿಯೇ ನೀರು ಇರುತ್ತದೆ. ಗೋಮಾಳವು ಹೋದರೆ ಅವನಿಗೆ ಒಂದು ದಿನದ ಊಟವೂ ತಪ್ಪುವದಿಲ್ಲ. ಎರಡು ಆಡುಗಳನ್ನು ಸಾಕಿಕೊಂಡು ಜೀವಿಸುವ ವಿಧವೆಗಾದರೋ ಆ ಕುರುಚಲು ಬೈಲೇ ಹೊಲ, ಅದೇ ಬಣವೆ, ಅದೇ ಉಗ್ರಾಣ. ಆದಕಾರಣ ಎಲ್ಲರಿಗೂ ಸೇರಿದ ನೆಲವು ಎಲ್ಲರಿಗೂ ಒಂದೇ ಪ್ರಕಾರವಾಗಿ ಬೇಕಾದದ್ದಲ್ಲ. ಏನೂ ಇಲ್ಲದವನಿಗೆ ಅದು ಎಲ್ಲವೂ ಆಗಿದೆ.

ಈಗ ಮೊದಲನೆಯ ವಾದಕ್ಕೆ ಬರೋಣ. "ಯಾರಿಗೂ ನಷ್ಟವಿಲ್ಲದ್ದು ಕಳವಲ್ಲ" ಎನ್ನುತ್ತಾರೆ. ನಷ್ಟವು ನಿಜವಾಗಿ ಯಾರಿಗೂ ಇಲ್ಲವೋ? 1966ನೆಯ ಇಸವಿಯ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ, ಊರಿನ ನೂರು ದನಗಳಿಗೆ 12 ಹೆಕ್ಟೇರಿನಂತೆ ಮೇವಿಗೆ ನೆಲವನ್ನು ಬಿಡತಕ್ಕದ್ದೆಂದು ಹೇಳಿದೆ. ಅದು ಸುಮಾರು 30 ಎಕರೆ. ಎಕರೆಗೆ 40 ಗುಂಟೆಯಾದದರಿಂದ ಒಟ್ಟು 1200 ಗುಂಟೆ. ನೂರು ದನಗಳಿಗೆ ಹಂಚಿದರೆ ಒಂದೊಂದಕ್ಕೆ 12 ಗುಂಟೆ. ಈಗ ಹತ್ತು ಗುಂಟೆಯನ್ನು ಮೆಲ್ಲಗೆ ಒಳಗೆ ಹಾಕಿಕೊಂಡವನು ಏನು ಮಾಡಿದನು? ಹೆಚ್ಚುಕಡಿಮೆ ಒಂದು ಹಸುವಿನ ಬಾಯಿಯಿಂದ ಮೇವನ್ನು ಕಸಿದನು. ಅದು ಯಾರ ಹಸು? ಅವನ ಹಸುವಲ್ಲ, ಅದಕ್ಕೆ ಮನೆಯಲ್ಲಿ ಹುಲ್ಲುಂಟು. ಹೊಲವಿಲ್ಲದವನ ಹಸುವೇ ಆ ಸಂಜೆ ಅರೆಹೊಟ್ಟೆಯಲ್ಲಿ ಕೊಟ್ಟಿಗೆಗೆ ಬರುವದು. ಕದ್ದವನಿಗೆ ಕದಿಯಲ್ಪಟ್ಟವನ ಮುಖ ಕಾಣಿಸಲಿಲ್ಲ, ಇಷ್ಟೇ ಭೇದ. ಒಬ್ಬನಿಂದ ಒಂದು ರೂಪಾಯಿ ಕದಿಯುವದು ಪಾಪವಾದರೆ, ನೂರು ಮಂದಿಯಿಂದ ಒಂದೊಂದು ಪೈಸೆಯಂತೆ ಕದಿಯುವದು ಪಾಪವಲ್ಲವೆಂದು ಹೇಳುವವರಾರು? ಹನಿಹನಿ ಕೂಡಿದರೆ ಹಳ್ಳವೆಂಬ ಗಾದೆಯು ಲಾಭಕ್ಕೆ ಹೇಗೋ ನಷ್ಟಕ್ಕೂ ಹಾಗೆಯೇ ಸಲ್ಲುತ್ತದೆ.

ಎರಡನೆಯ ವಾದವು ಇದಕ್ಕಿಂತ ಬಲವಾದದ್ದು. "ನಾನು ಬಿಟ್ಟರೆ ಮತ್ತೊಬ್ಬನು ಹಾಕಿಕೊಳ್ಳುವನು. ನಾನೊಬ್ಬನೇ ನೆಟ್ಟಗಿದ್ದು ಫಲವೇನು?" ಎಂದು ಹೇಳುವವರು ಬಹಳ. ಈ ಮಾತನ್ನು ಪಂಡಿತರೂ ಆಡಿದ್ದಾರೆ. ಅಮೇರಿಕದ ಜೀವಶಾಸ್ತ್ರಜ್ಞರಾದ ಗ್ಯಾರೆಟ್ ಹಾರ್ಡಿನ್ ಎಂಬವರು 1968ರಲ್ಲಿ ಬರೆದ ಒಂದು ಲೇಖನದಲ್ಲಿ, ಎಲ್ಲರಿಗೂ ತೆರೆದಿರುವ ಹುಲ್ಲುಗಾವಲಿನಲ್ಲಿ ಪ್ರತಿಯೊಬ್ಬನೂ ತನ್ನ ಲಾಭಕ್ಕಾಗಿ ಒಂದೊಂದು ಪಶುವನ್ನು ಹೆಚ್ಚಿಸುತ್ತಾ ಹೋಗಿ ಕೊನೆಗೆ ಹುಲ್ಲುಗಾವಲೇ ಹಾಳಾಗುವದೆಂದು ತರ್ಕಿಸಿದರು. ತರ್ಕವೇನೋ ಸರಿಯಾಗಿ ಕಾಣುತ್ತದೆ. ಆದರೆ ಹಳ್ಳಿಯ ಜನರು ಒಬ್ಬರೊಂದಿಗೊಬ್ಬರು ಮಾತಾಡದ ಮೂಕರೆಂದು ಭಾವಿಸಿದರೆ ಮಾತ್ರ ಅದು ನಿಲ್ಲುವದು.

ಇದಕ್ಕೆ ಒಂದು ದೃಷ್ಟಾಂತವನ್ನು ಹೇಳುವೆವು. ಸ್ವಿಟ್ಸರ್‌ಲೆಂಡ್ ದೇಶದ ವಾಲಿಸ್ ಸೀಮೆಯಲ್ಲಿ ಟೋರ್ಬೆಲ್ ಎಂಬ ಒಂದು ಸಣ್ಣ ಬೆಟ್ಟದ ಹಳ್ಳಿಯಿದೆ. ಅಲ್ಲಿ ಹೊಲಗಳು ಅವರವರ ಸ್ವಂತದ್ದು. ಮೇಲಣ ಹುಲ್ಲುಗಾವಲೂ ಕಾಡೂ ಊರಿಗೆಲ್ಲಾ ಸಾಮಾನ್ಯವಾದವುಗಳು. ಆ ಊರಿನವರು 1517ರಲ್ಲಿ ಒಂದು ಕಟ್ಟಳೆಯನ್ನು ಬರೆದಿಟ್ಟರು. ಅದೇನಂದರೆ, ಚಳಿಗಾಲದಲ್ಲಿ ತನ್ನ ಕೊಟ್ಟಿಗೆಯಲ್ಲಿ ಎಷ್ಟು ಹಸುಗಳನ್ನು ಸಾಕಬಲ್ಲನೋ ಅಷ್ಟನ್ನೇ ಹೊರತು ಅದಕ್ಕಿಂತ ಹೆಚ್ಚಾಗಿ ಯಾವನೂ ಬೇಸಗೆಯಲ್ಲಿ ಮೇಲಣ ಹುಲ್ಲುಗಾವಲಿಗೆ ಅಟ್ಟಬಾರದು. ಮೀರಿದವನಿಗೆ ದಂಡ. ಈ ಕಟ್ಟಳೆಯಿಂದ ಆ ಹುಲ್ಲುಗಾವಲು ನೂರಾರು ವರುಷ ಹಾಳಾಗದೆ ಉಳಿಯಿತು. ಈ ಊರನ್ನೂ ಇಂಥ ಇತರ ಊರುಗಳನ್ನೂ ಪರೀಕ್ಷಿಸಿ ಎಲಿನರ್ ಆಸ್ಟ್ರಮ್ ಎಂಬ ವಿದ್ವಾಂಸೆಯು 1990ರಲ್ಲಿ ಒಂದು ಗ್ರಂಥವನ್ನು ಬರೆದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನವನ್ನು ಹೊಂದಿದ ಮೊದಲನೆಯ ಸ್ತ್ರೀಯು ಅವರೇ. ಮೇರೆಯು ಸ್ಪಷ್ಟವಾಗಿರುವಲ್ಲಿ, ಕಟ್ಟಳೆಯನ್ನು ಮಾಡುವದರಲ್ಲಿ ಅದನ್ನು ಅನುಸರಿಸುವವರಿಗೂ ಪಾಲಿರುವಲ್ಲಿ, ಕಾಯುವವರು ಇರುವಲ್ಲಿ, ತಪ್ಪಿದವನಿಗೆ ಮೊದಲು ಸಣ್ಣ ದಂಡವೂ ಆಮೇಲೆ ದೊಡ್ಡ ದಂಡವೂ ಇರುವಲ್ಲಿ ಸಾಮಾನ್ಯ ಸೊತ್ತು ಉಳಿಯುವದೆಂದು ಅವರು ತೋರಿಸಿದರು.

ದೂರ ದೇಶಕ್ಕೆ ಹೋಗಬೇಕಾದದ್ದೂ ಇಲ್ಲ. ನಮ್ಮ ಮೈಸೂರು ಸೀಮೆಯ ಕೆರೆಗಳ ಕೆಳಗೆ ನೀರುಗಂಟಿ ಎಂಬವನು ಇದ್ದನು. ತೂಬನ್ನು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕು ಎಂಬದು ಅವನ ಕೈಯಲ್ಲಿತ್ತು. ನೀರು ಕಡಿಮೆಯಾದ ವರುಷ ಊರವರು ಕೂಡಿ, ಎಷ್ಟು ಗದ್ದೆಯನ್ನು ನಾಟಿ ಮಾಡಬೇಕೆಂದು ಗೊತ್ತುಮಾಡಿಕೊಳ್ಳುತ್ತಿದ್ದರು. ಹುಟ್ಟಿನಿಂದ ಬರುವ ಇಂಥ ಗ್ರಾಮ ಹುದ್ದೆಗಳನ್ನು 1961ರ ಕಾಯಿದೆಯು ರದ್ದುಮಾಡಿತು, ಅದು 1963ರಲ್ಲಿ ಜಾರಿಗೆ ಬಂತು. ಅದು ನ್ಯಾಯವೇ. ಯಾತಕ್ಕಂದರೆ ತೋಟಿ ತಳವಾರರ ಮಕ್ಕಳು ತಲೆತಲಾಂತರಕ್ಕೂ ಅದೇ ಚಾಕರಿಗೆ ಕಟ್ಟುಬಿದ್ದಿರುವದು ಸರಿಯಾದದ್ದಲ್ಲ. ಆದರೆ ಹುದ್ದೆಯು ಹೋದ ಮೇಲೆ ಕೆಲಸವೂ ಹೋಯಿತೆಂದು ಅನೇಕ ಊರುಗಳವರು ತಿಳಿದುಕೊಂಡರು. ಕಾಯುವ ಕೆಲಸವನ್ನು ಹುಟ್ಟಿನಿಂದ ಒಬ್ಬನ ಮೇಲೆ ಹೇರಕೂಡದೆಂದರೆ, ಅದನ್ನು ಎಲ್ಲರೂ ಸರದಿಯಿಂದ ಹೊರಬೇಕೆಂದು ಅರ್ಥವಾಗುವದೇ ಹೊರತು, ಯಾರೂ ಹೊರಬೇಕಾದದ್ದಿಲ್ಲವೆಂದು ಅರ್ಥವಾಗದು. "ಎಲ್ಲರದು" ಎಂಬ ಮಾತು "ಯಾರದೂ ಅಲ್ಲ" ಎಂಬ ಮಾತಿಗೆ ತಿರುಗುವದು ಹೀಗೆಯೇ.

ಇನ್ನು ಮೂರನೆಯ ಆಕ್ಷೇಪವನ್ನು ನಾವು ಬಹು ಜಾಗ್ರತೆಯಿಂದ ವಿಚಾರಿಸತಕ್ಕದ್ದು. "ನೆಲವಿಲ್ಲದ ಬಡವನು ಗೋಮಾಳದಲ್ಲಿ ಒಂದು ಗುಡಿಸಲು ಹಾಕಿಕೊಂಡರೆ, ಎರಡು ಎಕರೆ ಉತ್ತುಕೊಂಡರೆ, ಅವನನ್ನೂ ಕಳ್ಳನೆನ್ನುವಿರೋ?" ಎಂದು ಕೇಳುತ್ತಾರೆ. ಈ ಪ್ರಶ್ನೆಯು ನಮ್ಮಲ್ಲಿ ಅನೇಕರ ಮನೆಯ ಪ್ರಶ್ನೆಯಾಗಿದೆ. ಎಷ್ಟೋ ತಾಂಡಾಗಳೂ ಹಟ್ಟಿಗಳೂ ದೊಡ್ಡಿಗಳೂ ತಲೆಮಾರುಗಳ ವರೆಗೆ ಸರಕಾರದ ಲೆಕ್ಕದಲ್ಲಿ ಊರುಗಳೇ ಆಗಿರಲಿಲ್ಲ. ಅಲ್ಲಿ ಹುಟ್ಟಿ ಅಲ್ಲಿಯೇ ಸತ್ತವರಿಗೆ ಕಾಲಡಿಯ ನೆಲದ ಮೇಲೆ ಕಾಗದದ ಹಕ್ಕಿರಲಿಲ್ಲ. ಇತ್ತೀಚಿನ ವರುಷಗಳಲ್ಲಿ ಅವುಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡಿ ಹಕ್ಕುಪತ್ರಗಳನ್ನು ಕೊಡುವ ಕೆಲಸ ನಡೆದಿದೆ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ನಡೆದ ಸಭೆಯಲ್ಲಿ ಐದು ಜಿಲ್ಲೆಗಳ 50,000ಕ್ಕೆ ಮಿಕ್ಕಿದ ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯವು ಆರಂಭವಾಯಿತು. ಬಗರ್‌ಹುಕುಂ ಸಾಗುವಳಿಯನ್ನು ಸಕ್ರಮಮಾಡಬೇಕೆಂದು ನಮೂನೆ 50, 53, 57 ಎಂಬ ಅರ್ಜಿಗಳನ್ನು ಹಾಕಿ ಕಾದವರು ಪ್ರತಿಯೊಂದು ತಾಲೂಕಿನಲ್ಲಿಯೂ ಇದ್ದಾರೆ.

ಇದಕ್ಕೆ ನಮ್ಮ ಉತ್ತರವೇನಂದರೆ, ಇಬ್ಬರ ಕೈಯಲ್ಲಿರುವ ನೇಗಿಲು ಒಂದೇ, ಆದರೆ ಇಬ್ಬರ ಕೆಲಸವು ಒಂದಲ್ಲ. ಮೋಶೆಯ ಧರ್ಮಶಾಸ್ತ್ರವು ಈ ಭೇದವನ್ನು ಬಹು ಸರಳವಾಗಿ ತೋರಿಸುತ್ತದೆ. ನೆರೆಯವನ ದ್ರಾಕ್ಷೇತೋಟಕ್ಕೆ ಹೋದವನು ಹಸಿವು ತೀರುವಷ್ಟು ಹಣ್ಣನ್ನು ತಿನ್ನಬಹುದು, ಆದರೆ ಪಾತ್ರೆಯಲ್ಲಿ ತುಂಬಿಕೊಂಡು ಹೋಗಬಾರದು. ಹೊಟ್ಟೆಗೆ ಅಳತೆಯುಂಟು, ಪಾತ್ರೆಗೆ ಅಳತೆಯಿಲ್ಲ. ನೆಲವಿಲ್ಲದವನು ತಲೆಯ ಮೇಲೊಂದು ಸೂರಿಗಾಗಿಯೂ ಮಕ್ಕಳ ಗಂಜಿಗಾಗಿಯೂ, ಊರ ಮುಂದೆ ಹಗಲಿನಲ್ಲಿ ಕೇಳಿ ತೆಗೆದುಕೊಳ್ಳುವದು ಒಂದು. ಇದ್ದ ಹತ್ತು ಎಕರೆಗೆ ಹನ್ನೊಂದನೆಯದನ್ನು ಕೂಡಿಸುವದಕ್ಕಾಗಿ ಬಾಂದುಕಲ್ಲನ್ನು ರಾತ್ರಿಯಲ್ಲಿ ಕೀಳುವದು ಮತ್ತೊಂದು. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವೂ ಈ ಭೇದವನ್ನು ಒಪ್ಪಿದೆ. ಪಂಜಾಬಿನ ರೋಹರ್ ಜಾಗೀರ್ ಎಂಬ ಹಳ್ಳಿಯಲ್ಲಿ ಕೆಲವರು ಊರ ಕೆರೆಯನ್ನು ಮುಚ್ಚಿ ಮನೆ ಕಟ್ಟಿದ ಮೊಕದ್ದಮೆಯಲ್ಲಿ, 2011ನೆಯ ಜನವರಿ 28ರಂದು ಆ ನ್ಯಾಯಾಲಯವು ಅವರನ್ನು ಎಬ್ಬಿಸತಕ್ಕದ್ದೆಂದು ತೀರ್ಪುಕೊಟ್ಟಿತಲ್ಲದೆ, ಎಲ್ಲಾ ರಾಜ್ಯಗಳೂ ಊರ ಸಾಮಾನ್ಯ ನೆಲಗಳ ಒತ್ತುವರಿಯನ್ನು ತೆರವುಮಾಡುವ ಏರ್ಪಾಟು ಮಾಡಬೇಕೆಂದು ಆಜ್ಞಾಪಿಸಿತು. ಹಣ ಖರ್ಚುಮಾಡಿ ಕಟ್ಟಿದ್ದೇವೆ, ಬಹುಕಾಲದಿಂದ ಇದ್ದೇವೆ ಎಂಬ ನೆವಗಳನ್ನು ಒಪ್ಪಲಿಲ್ಲ. ಆದರೆ ಭೂಹೀನ ಕೂಲಿಯವರಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ಸರಕಾರದ ಆಜ್ಞೆಯಿಂದ ಕೊಟ್ಟ ನೆಲ, ಶಾಲೆ ಆಸ್ಪತ್ರೆಗಳಿರುವ ನೆಲ, ಇಂಥವುಗಳಿಗೆ ವಿನಾಯಿತಿ ಇರಬಹುದೆಂದು ಹೇಳಿತು.

ಆದರೂ ಇಲ್ಲಿ ಎಚ್ಚರಿಕೆಯ ಒಂದು ಮಾತು ಬೇಕು. ಊರಿನ ಸ್ಥಿತಿವಂತರು, "ಬಡವರಿಗೆ ಗೋಮಾಳದಲ್ಲಿ ಕೊಡಿರಿ" ಎಂದು ಧಾರಾಳವಾಗಿ ಮಾತಾಡುವದನ್ನು ಕೇಳುತ್ತೇವೆ. ಆದರೆ ಗೋಮಾಳವು ಮೊದಲೇ ಬಡವರ ಮೇವಿನ ನೆಲ. ಬಡವನೊಬ್ಬನಿಗೆ ಕೊಡುವದನ್ನು ಬಡವರಿಂದಲೇ ತೆಗೆದು ಕೊಟ್ಟು, ತಮ್ಮ ಒತ್ತುವರಿಯ ತೋಟವನ್ನು ಮಾತ್ರ ಮುಟ್ಟಗೊಡದಿರುವವರು ಧರ್ಮವಂತರೆಂದು ಎಣಿಸಲ್ಪಡಬಾರದು. ನೆಲವನ್ನು ಕೊಡಬೇಕಾದರೆ ಮೊದಲು ಬಲವಂತರು ನುಂಗಿದ್ದನ್ನು ಬಿಡಿಸಿ ಅದರಿಂದಲೇ ಕೊಡುವದು ನ್ಯಾಯ.

ನಾಲ್ಕನೆಯದಾಗಿ, "ಎಲ್ಲರದು" ಎಂಬ ಮಾತಿನಲ್ಲಿ ಎಲ್ಲರೂ ಸೇರಿದ್ದಾರೋ ಎಂಬದನ್ನು ಕೇಳತಕ್ಕದ್ದು. ಇದನ್ನು ಬಿಟ್ಟು ಹಿಂದಿನ ಕಾಲದ ಊರೊಟ್ಟನ್ನು ಹೊಗಳುವವರು ಅರ್ಧಸತ್ಯವನ್ನು ಮಾತ್ರ ಹೇಳುತ್ತಾರೆ. ಕೊಂಕಣದ ಮಹಾಡ ಎಂಬ ಪಟ್ಟಣದಲ್ಲಿ ಚವದಾರ ಕೆರೆಯೆಂಬದೊಂದುಂಟು. ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರೆನಿಸಿಕೊಂಡವರೂ ಉಪಯೋಗಿಸಬಹುದೆಂದು 1923ರಲ್ಲಿ ಮುಂಬಯಿಯ ಶಾಸನಸಭೆಯು ನಿರ್ಣಯಮಾಡಿತು. 1924ರಲ್ಲಿ ಮಹಾಡದ ಪುರಸಭೆಯೂ ಆ ಕೆರೆಯು ಎಲ್ಲರಿಗೂ ತೆರೆದದೆಂದು ಒಪ್ಪಿತು. ಕಾಗದದಲ್ಲಿ ಒಪ್ಪಿದ್ದು ದಡದಲ್ಲಿ ನಡೆಯಲಿಲ್ಲ. 1927ನೆಯ ಮಾರ್ಚ್ 20ರಂದು ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರೊಂದಿಗೆ ನಡೆದುಹೋಗಿ ಆ ನೀರನ್ನು ಕುಡಿದರು. ಕುಡಿದವರ ಮೇಲೆ ಅದೇ ದಿನ ಹೊಡೆತಗಳು ಬಿದ್ದವು, ಕೆರೆಗೆ ಶುದ್ಧಿಕರ್ಮವೂ ನಡೆಯಿತು. ಆಮೇಲೆ ಕೆಲವರು, ಈ ಕೆರೆಯು ಸಾರ್ವಜನಿಕವಾದದ್ದೇ ಅಲ್ಲ, ಇದು ನಮ್ಮ ಸ್ವಂತದ್ದೆಂದು ನ್ಯಾಯಾಲಯಕ್ಕೆ ಹೋದರು. 1937ರಲ್ಲಿ ಮುಂಬಯಿಯ ಹೈಕೋರ್ಟು ಆ ವಾದವನ್ನು ತಳ್ಳಿಬಿಟ್ಟಿತು. ನೋಡಿರಿ, ಕೊನೆಯ ಕೇರಿಯವನು ದಡಕ್ಕೆ ಬರುವ ತನಕ ಅದು ಊರ ಕೆರೆಯಾಗಿತ್ತು. ಅವನು ಕೈ ಚಾಚಿದಾಗ ಅದು ಹಠಾತ್ತಾಗಿ ಕೆಲವರ ಸ್ವಂತ ಸೊತ್ತಾಯಿತು.

ನಮ್ಮ ಹಳ್ಳಿಗಳಲ್ಲಿಯೂ ಕೆರೆಯ ಕೋಡಿಯನ್ನು ಕಟ್ಟುವಾಗ ಕೇರಿಯ ಜನರ ಹೆಗಲು ಬೇಕಾಗಿತ್ತು, ನೀರಿನ ದಡದಲ್ಲಿ ಅವರ ಕೊಡವು ಬೇಡವಾಗಿತ್ತು. ಅಂಥ ಕೆರೆಯು ಹಾಳಾಗುವಾಗ ಕೇರಿಯವನು ಸುಮ್ಮನೆ ನಿಂತು ನೋಡಿದರೆ ಅವನನ್ನು ಬೈಯುವ ಹಕ್ಕು ಯಾರಿಗುಂಟು? ಪಾಲಿಲ್ಲದವನಿಂದ ಕಾವಲನ್ನು ಕೇಳಕೂಡದು. ಆದಕಾರಣ ಸಾಮಾನ್ಯ ಸೊತ್ತು ಹಾಳಾಗುವದು ಲೋಭದಿಂದ ಮಾತ್ರವಲ್ಲ, ಹೊರಗಿಡುವದರಿಂದಲೂ ಆಗುವದು. ಕೊನೆಯ ಮನೆಯನ್ನು ಎಣಿಸದೆ ಇರುವ ಲೆಕ್ಕದಲ್ಲಿ "ಎಲ್ಲರೂ" ಎಂಬ ಪದವು ಸುಳ್ಳಾಗಿದೆ.

ಇಷ್ಟರ ವರೆಗೆ ತೆಗೆದುಕೊಳ್ಳಬಾರದ್ದನ್ನು ಕುರಿತು ಹೇಳಿದೆವು. ತೆಗೆದುಕೊಳ್ಳದಿದ್ದರೆ ಸಾಕೋ? ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲೂಕಿನಲ್ಲಿ ಕುಂದಿನಿ ಬೆಟ್ಟದ ಬಳಿ ದಾಸನದೊಡ್ಡಿಯೆಂಬ ಸಣ್ಣ ಹಳ್ಳಿಯಿದೆ. ಅಲ್ಲಿ ಕಾಮೇಗೌಡರೆಂಬ ಕುರಿಗಾಹಿಗಳಿದ್ದರು. ಬೇಸಗೆಯಲ್ಲಿ ಬೆಟ್ಟದ ಮೇಲೆ ಹಕ್ಕಿಗಳಿಗೂ ಮೃಗಗಳಿಗೂ ಕುಡಿಯುವದಕ್ಕೆ ನೀರಿಲ್ಲದ್ದನ್ನು ಕಂಡು ಅವರು ಕಟ್ಟೆಗಳನ್ನು ಅಗೆಯತೊಡಗಿದರು. ಹಾರೆ ಗುದ್ದಲಿಗಳಿಗಾಗಿ ಕುರಿಗಳನ್ನು ಮಾರಿದರು. ಬಂದ ಬಹುಮಾನದ ಹಣವನ್ನೂ ಅದಕ್ಕೇ ಹಾಕಿದರು. ಹೀಗೆ ಹತ್ತಕ್ಕೆ ಮಿಕ್ಕಿದ ಕಟ್ಟೆಗಳಾದವು. 2020ನೆಯ ಜೂನ್ ತಿಂಗಳಲ್ಲಿ ದೇಶದ ಪ್ರಧಾನಮಂತ್ರಿಗಳು ರೇಡಿಯೋ ಭಾಷಣದಲ್ಲಿ ಅವರ ಹೆಸರನ್ನು ಹೇಳಿದಾಗ ಹೊರಗಿನವರು ಅವರನ್ನು ಅರಿತರು. 2022ನೆಯ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಆ ಬೆಟ್ಟದಲ್ಲಿ ಒಂದು ಗುಂಟೆಯೂ ಅವರ ಹೆಸರಿಗೆ ಬರುವ ಆಸೆಯಿಂದ ಅವರು ಅಗೆಯಲಿಲ್ಲ. "ನನ್ನದೂ ಉಂಟಲ್ಲವೋ?" ಎಂಬ ಮಾತನ್ನು ಗೋಮಾಳವನ್ನು ಉತ್ತವನೂ ಹೇಳಿದನು, ಇವರೂ ಹೇಳಬಹುದಾಗಿತ್ತು. ಅವನು ಅದನ್ನು ಬೇಲಿ ಹಾಕುವದಕ್ಕೆ ಕಾರಣಮಾಡಿಕೊಂಡನು, ಇವರು ದುಡಿಯುವದಕ್ಕೆ ಕಾರಣಮಾಡಿಕೊಂಡರು. ಎಲ್ಲರದರಲ್ಲಿ ನಮ್ಮದೂ ಉಂಟೆಂಬದು ನಿಜವೇ. ಆದರೆ ಅದು ಬಿಡಿಸಿ ತೆಗೆಯತಕ್ಕ ಪಾಲಲ್ಲ, ಹೊರತಕ್ಕ ಪಾಲು.

ಹಾಗಾದರೆ ನಾವು ಮಾಡತಕ್ಕದ್ದೇನು? ಮೊದಲು ತಿಳಿದುಕೊಳ್ಳುವದು. ನಮ್ಮ ಊರಿನ ಗೋಮಾಳದ ಸರ್ವೆ ನಂಬರು ಯಾವದು, ಕೆರೆಯ ವಿಸ್ತೀರ್ಣವೆಷ್ಟು, ಬಂಡಿದಾರಿಯು ನಕ್ಷೆಯಲ್ಲಿ ಎಷ್ಟು ಅಗಲವೆಂಬದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಗ್ರಾಮನಕ್ಷೆಯೂ ಪಹಣಿಯೂ ಗುಟ್ಟಿನ ಕಾಗದಗಳಲ್ಲ. ದಿಶಾಂಕ್ ಎಂಬ ಸರಕಾರದ ಸಾಧನದಿಂದ ಕೈಯಲ್ಲಿರುವ ಫೋನಿನಲ್ಲಿಯೇ, ನಿಂತ ನೆಲವು ಯಾವ ನಂಬರಿನದೆಂದು ನೋಡಬಹುದು. ಓದುಬಲ್ಲ ಹುಡುಗರು ಹಿರಿಯರನ್ನು ಕರಕೊಂಡು ವರುಷಕ್ಕೊಮ್ಮೆ ಊರ ಮೇರೆಯನ್ನು ಸುತ್ತಿಬರಲಿ. ಎರಡನೆಯದು, ಗ್ರಾಮಸಭೆಗೆ ಹೋಗುವದು. ನೆಲವನ್ನು ನುಂಗುವವರು ಆ ಸಭೆಗೆ ತಪ್ಪದೆ ಬರುತ್ತಾರೆ. ಆಡು ಕಾಯುವವರು ಬರುವದಿಲ್ಲ. ಮೂರನೆಯದು, ಎಲ್ಲಕ್ಕಿಂತ ಕಷ್ಟವಾದದ್ದು, ನಮ್ಮ ಸ್ವಂತ ಬೇಲಿಯಿಂದ ಆರಂಭಿಸುವದು. ತಮ್ಮ ಒತ್ತುವರಿಯನ್ನು ಬಿಡದೆ ನೆರೆಯವನ ಒತ್ತುವರಿಯ ಮೇಲೆ ಅರ್ಜಿ ಬರೆಯುವವರ ಮಾತನ್ನು ಊರು ಕೇಳುವದಿಲ್ಲ, ಕೇಳತಕ್ಕದ್ದೂ ಅಲ್ಲ.

ಅಣ್ಣತಮ್ಮಂದಿರು ಪಾಲಾಗುವ ದಿನ ಮನೆಯ ಯಜಮಾನನು ಮಕ್ಕಳನ್ನು ಹೊಲಕ್ಕೆ ಕರಕೊಂಡು ಹೋಗಿ, ಇದು ನಿನ್ನದು, ಇದು ಅವನದು ಎಂದು ಬದುವಿನ ಮೇಲೆ ನಿಂತು ತೋರಿಸುವದು ವಾಡಿಕೆ. ಅದೇ ದಿನ ಇನ್ನೂ ನಾಲ್ಕು ಹೆಜ್ಜೆ ಮುಂದೆ ನಡೆದು, ಬಾಂದುಕಲ್ಲಿನ ಆಚೆ ಕೈ ತೋರಿಸಿ, "ಇಲ್ಲಿಂದ ಮುಂದೆ ನಮ್ಮದಲ್ಲ, ಆದರೆ ಇದನ್ನು ನೋಡಿಕೊಳ್ಳುವದು ನಮ್ಮ ಮೇಲೆಯೂ ಇದೆ" ಎಂದು ಹೇಳುವ ತಂದೆಗಳು ಪ್ರತಿಯೊಂದು ಹಳ್ಳಿಯಲ್ಲಿ ನಾಲ್ವರಾದರೂ ಇರಲಿ. ಆ ಮಾತನ್ನು ಮಕ್ಕಳು ಹೊಲದ ಕಾಗದದೊಂದಿಗೆ ಇಟ್ಟುಕೊಳ್ಳುವರು.